ಬಲಕ್ಕೆ ಗುಹೆಯ ರಾಗ

ಆ ಆಟದಲ್ಲಿ ಹಿಂದಕ್ಕೆ ಹೋಗುವ ಹಾಗೇ ಇರಲಿಲ್ಲ. ಟಿವಿಯ ಎಡ ಅಂಚು ದಾಟಿ ಹೋದದ್ದು ಹೋಯಿತು. ಹೆಕ್ಕದೆ ಬಿಟ್ಟ ಎಣ್ಣೆಹನಿ, ಹತ್ತದೆ ಬಿಟ್ಟ ಏಣಿ, ಯಾವುದೂ ಮತ್ತೆ ಸಿಗುವುದಿಲ್ಲ. ಗಿಡ್ಡ ಯಾವಾಗಲೂ ಬಲಕ್ಕೇ ಓಡಬೇಕು. ಗಿಡ್ಡ ಎಂದರೆ ಆಟದೊಳಗಿನ ಆಳು: ತಲೆಯ ಮೇಲೊಂದು ದೀಪ, ಮುಂದಕ್ಕೆ ಬಂದ ಹೊಟ್ಟೆ, ಚೋಟುದ್ದದ ಎರಡು ಕಾಲು. ಡಬ್ಬಿಯ ಮೇಲೆ ಅವನಿಗೆ ಏನೋ ಹೆಸರು ಬರೆದಿದ್ದರು, ಆ ಲಿಪಿ ನಮಗ್ಯಾರಿಗೂ ಓದಲು ಬರುತ್ತಿರಲಿಲ್ಲ. ಗಿಡ್ಡ ಎಂದು ಹೆಸರಿಟ್ಟವಳು ನಾನೇ.

ಈಗಲೂ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಯಾರದಾದರೂ ಮೊಬೈಲಿನಿಂದ ಅಂಥದೊಂದು ಟುಂಯ್ ಟುಂಯ್ ಕೇಳಿಸಿದರೆ ನನ್ನ ಮೈ ಉರಿಯುತ್ತದೆ. ಹೋದ ತಿಂಗಳು ಯಾರದೋ ಮಗುವಿಗೆ "ಬಂದ್ ಮಾಡೆ ಅದನ್ನ" ಎಂದು ಗದರಿಯೇ ಬಿಟ್ಟೆ. ಅದರ ತಾಯಿ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ನೋಡಲಿ ಬಿಡಿ. ಹನ್ನೆರಡನೇ ವಯಸ್ಸಿನಲ್ಲಿ, ಎರಡು ತಿಂಗಳ ಕಾಲ, ದಿನಕ್ಕೆ ನಾಲ್ಕು ಸಲ, ದೋಣಿ ತುಂಬ ಜನರನ್ನು ಅಂಥ ರಾಗದ ಮೇಲೆ ನಾನು ಕಾಳಿ ನದಿ ದಾಟಿಸಿದ್ದೇನೆ. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಒಬ್ಬರೂ ದೋಣಿಗೆ ಕಾಲಿಡುತ್ತಿರಲಿಲ್ಲ.

ನಮ್ಮ ಮನೆ ಇದ್ದದ್ದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವ ಅಳಿವೆಯ ಹತ್ತಿರ. ಅಪ್ಪನದು ಜನ ದಾಟಿಸುವ ದೋಣಿ. ಆಚೆ ದಡದ ದೇವಬಾಗ ಕಣ್ಣೆದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಹೋಗುವುದೆಂದರೆ ದೊಡ್ಡ ಸೇತುವೆ ದಾಟಿ, ಸದಾಶಿವಗಡ ಸುತ್ತಿ, ಬಸ್ಸಿಗೆ ಕಾದು ಸಾಯಬೇಕು. ಹಾಗಾಗಿ ಮೀನು ಮಾರುವ ಹೆಂಗಸರು, ಶಾಲೆಯ ಮಕ್ಕಳು, ಕಚೇರಿಯ ಜವಾನರು ಎಲ್ಲ ದೋಣಿಗೇ ಬರುತ್ತಿದ್ದರು. ಅಪ್ಪ ಹಿಂಭಾಗದಲ್ಲಿ ನಿಂತು ಉದ್ದನೆಯ ಹುಟ್ಟು ಹಾಕುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಬ್ಬರ ಚಪ್ಪಲಿಯೂ ಒದ್ದೆಯಾಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳು, ಚಪ್ಪಲಿಗಳು ಎಷ್ಟೋ ಒದ್ದೆಯಾಗಿವೆ. ಆದರೆ ಜನ ಬಿದ್ದಿರಲಿಲ್ಲ. ದಡ ಬಂದಾಗ ಎಲ್ಲರಿಗೂ ಕೈಕೊಟ್ಟು ಇಳಿಸುವವನು ಅವನೇ. ಅವನಿಗೇ ಯಾರಾದರೂ ಕೈ ಚಾಚಿದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು. "ನಾ ಎಂತಾ ಮುದ್ಕ ಆಗಿದ್ನೆ?" ಎಂದು ಹಾರಿ ಇಳಿಯುತ್ತಿದ್ದ.

ಅಳಿವೆಯ ನಡುವೆ ಒಂದು ಮರಳ ದಿಬ್ಬವಿದೆ. ಒಂದು ಕಡೆ ಕೂತಿರುವ ಜಾತಿಯದಲ್ಲ ಅದು. ಪ್ರತಿ ಮಳೆಗಾಲವೂ ನದಿ ಅದನ್ನು ಒಡೆದು ಬೇರೆ ಕಡೆ ಕಟ್ಟುತ್ತದೆ. ಹೋದ ವರ್ಷ ದೋಣಿ ಹೋದ ಜಾಗದಲ್ಲಿ ಈ ವರ್ಷ ಮೊಣಕಾಲಿನಷ್ಟು ನೀರು, ಮೇಲೆ ಮುರಿಯುವ ತೆರೆ. ಅದಕ್ಕೇ ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ ದೋಣಿಯವರೆಲ್ಲ ಸೇರಿ, ಗಳ ಇಳಿಸಿ ಆಳ ನೋಡುತ್ತ, ದಾರಿಯುದ್ದಕ್ಕೂ ಗಾಳಿಮರದ ಗೂಟ ಹುಗಿಯುತ್ತಿದ್ದರು. ತುದಿಗೆ ಹಳೇ ಸೀರೆಯ ಚೂರು ಕಟ್ಟುತ್ತಿದ್ದರು. ಮುಂದಿನ ಮಳೆಗಾಲದವರೆಗೆ ಆ ಗೂಟಗಳೇ ರಸ್ತೆ.

ಮಳೆಗಾಲದಲ್ಲಿ ದೋಣಿ ದಡಕ್ಕೆ, ಅಪ್ಪ ಮನೆಗೆ. ಆಟ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಅಂಥದೊಂದು ಮಳೆಗಾಲದಲ್ಲಿ. ಅಮ್ಮನನ್ನು ನಾನು ಆಯಿ ಎನ್ನುತ್ತಿದ್ದೆ. ಅವಳ ತಮ್ಮ, ಎಂದರೆ ನನ್ನ ಮಾವ, ಅಂಕೋಲೆಯ ಹತ್ತಿರ ಬಾಳೆಗುಳಿ ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಗೋವಾ, ಮುಂಬೈ ಕಡೆಯ ಲಾರಿ ಡ್ರೈವರುಗಳಿಂದ ಅವನಿಗೆ ಏನೇನೋ ಸಿಗುತ್ತಿತ್ತು. ಒಮ್ಮೆ ವಿಡಿಯೋ ಗೇಮಿನ ಒಂದು ಡಬ್ಬಿ, ಎರಡು ವಯರು, ಗುಂಡಿಗಳಿರುವ ಒಂದು ಹಿಡಿಕೆ, ಒಂದು ಹಳದಿ ಕ್ಯಾಸೆಟ್ಟು ಹಿಡಿದುಕೊಂಡು ಬಂದ. "ನಮ್ಮನೇಲಿ ಟಿವಿ ಇಲ್ಲ. ನಿಮ್ಮಲ್ಲೇ ಇರ್ಲಿ ಈ ಪೀಡೆ" ಎಂದು ನಮ್ಮ ಕಪ್ಪುಬಿಳುಪು ಟಿವಿಗೆ ಸಿಕ್ಕಿಸಿ ಹೋದ.

ಕ್ಯಾಸೆಟ್ಟಿನ ಬಾಯಿಗೆ ಉಫ್ ಉಫ್ ಎಂದು ಊದಿ ಒತ್ತಿದರೆ ಮೊದಲು ಬರುವುದು ಹಾಡು, ಆಮೇಲೆ ಚಿತ್ರ. ಗುಂಡಿ ಒಮ್ಮೆ ಮುಟ್ಟಿ ಬಿಟ್ಟರೆ ಗಿಡ್ಡ ಗೇಣು ಹಾರುತ್ತಾನೆ, ಒತ್ತಿ ಹಿಡಿದರೆ ಮಾರು ಹಾರುತ್ತಾನೆ. ದಾರಿಯಲ್ಲಿ ಎಣ್ಣೆಹನಿ ಹೆಕ್ಕಬೇಕು, ಇಲ್ಲದಿದ್ದರೆ ತಲೆಯ ದೀಪ ಸಣ್ಣಗಾಗುತ್ತದೆ. ದೀಪ ಸಣ್ಣಗಾದ ಕೂಡಲೇ ಹಾಡಿಗೆ ಅವಸರ ಬರುತ್ತದೆ, ಅದೇ ರಾಗ ಎರಡು ಪಟ್ಟು ಜೋರಾಗಿ ಓಡತೊಡಗುತ್ತದೆ, ಆಡುವವರ ಎದೆಯೂ ಅದರ ಹಿಂದೆಯೇ. ಬಯಲಿಗೊಂದು ನಡಿಗೆಯ ರಾಗ. ಗುಹೆಯೊಳಗೆ ಇಳಿದರೆ ದಪ್ಪ ದನಿಯ ರಾಗ, ಧುಂ, ಧುಂ, ಧುಂ ಎಂದು. ರೆಕ್ಕೆ ಸಿಕ್ಕಿ ಸ್ವಲ್ಪ ಹೊತ್ತು ಗಾಳಿಯಲ್ಲಿ ಹೋಗುವಾಗ ತೆಳ್ಳಗೆ ಕುಣಿಯುವ ಇನ್ನೊಂದು. ನೀರಿನ ಹೊಂಡಗಳಲ್ಲಿ ತೇಲುಮರಗಳಿದ್ದವು, ಮುಳುಗುತ್ತ ಏಳುತ್ತ ಇರುವವು. ನಾನು ಅಲ್ಲಿಯೇ ಸಾಯುತ್ತಿದ್ದೆ, ದಿನಕ್ಕೆ ನಲವತ್ತು ಸಲ.

ಅಪ್ಪ ಬಾಗಿಲ ಹತ್ತಿರ ನನಗೆ ಬೆನ್ನು ಹಾಕಿ ಕೂತು ಬಲೆ ನೇಯುತ್ತಿದ್ದ. ಒಂದು ದಿನ ಅಲ್ಲಿಂದಲೇ, ತಿರುಗಿಯೂ ನೋಡದೆ, "ಈಗ ಹಾರು" ಎಂದ. ಹಾರಿದೆ. ದಾಟಿತು! "ಈಗ" ಎಂದ. ಮತ್ತೆ ದಾಟಿತು.

"ಅಪ್ಪಾ, ನಿಂಗೆ ಹೆಂಗೆ ಗೊತ್ತಾಯ್ತು?"

"ಅದ್ರ ಹಾಡು ಕೇಳ್ಕಂಡ್ರೆ ಸಾಕು. ನಾಲ್ಕನೇ ಪೆಟ್ಟಿಗೆ ಮರ ಮೇಲೆ ಬತ್ತದೆ. ತೆರೆ ಬಂದಂಗೇ ಅದು."

ಆಮೇಲೆ ಅವನೇ ಆಡಲು ಕೂತ. ಹುಟ್ಟು ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳಿನಡಿ ಆ ಚಿಕ್ಕ ಗುಂಡಿ ಎಲ್ಲಿ ಹೋಯಿತೋ ಕಾಣುತ್ತಿರಲಿಲ್ಲ. ಆದರೆ ತಿಂಗಳು ಮುಗಿಯುವುದರೊಳಗೆ ಅಪ್ಪ ಗಿಡ್ಡನನ್ನು ಕೊನೆಯ ಬಾಗಿಲವರೆಗೆ ಮುಟ್ಟಿಸಿದ. ಕೇರಿಯವರೆಲ್ಲ ನೋಡಲು ಬರುತ್ತಿದ್ದರು, ಬೇರೆ ದೋಣಿಗಳವರೂ ಬರುತ್ತಿದ್ದರು. "ಗಂಡಸ್ರು ಮಾಡೂ ಕೆಲ್ಸವೇ ಇದು? ಬಲೆ ಹರ್ದು ಬಿದ್ದದೆ, ಇಂವ ಗಿಡ್ಡನ್ನ ಹಾರಿಸ್ತೆ ಕೂತಾ" ಎಂದು ಆಯಿ ಪಾತ್ರೆ ಕುಕ್ಕುತ್ತಿದ್ದಳು. ನಾನಂತೂ ಶಾಲೆಯಲ್ಲಿ ಹೇಳಿದ್ದೇ ಹೇಳಿದ್ದು: ನಮ್ಮಪ್ಪನ ಕಣ್ಣು ಹದ್ದಿನ ಕಣ್ಣು, ಒಂದು ಸಲವೂ ತಪ್ಪುವುದಿಲ್ಲ. ಹೇಳಿದ ಮಾತು ಹೀಗೆ ತಿರುಗಿ ಬಂದು ನನ್ನ ಕಾಲಿಗೇ ಸುತ್ತಿಕೊಳ್ಳುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮರುವರ್ಷದ ಮಳೆಗಾಲದಲ್ಲಿ ಮಾವ ಎರಡನೇ ಕ್ಯಾಸೆಟ್ಟು ತಂದ. ಅದೇ ಗಿಡ್ಡ, ಅದೇ ದೀಪ, ಆಟದ ಎರಡನೇ ಭಾಗ. ಊದಿ ಒತ್ತಿದಾಗ ಅದೇ ನಡಿಗೆಯ ರಾಗ ಬಂತು. ಅಪ್ಪ ಖುಷಿಯಿಂದ ಕಾಲು ಮಡಚಿ ಕೂತ. ಗಿಡ್ಡ ಓಡಿದ, ನೆಟ್ಟಗೆ ಹೋಗಿ ಮೊದಲನೇ ಹೊಂಡಕ್ಕೇ ಬಿದ್ದ. ಮತ್ತೆ ಓಡಿಸಿದ, ಮತ್ತೆ ಅದೇ ಹೊಂಡ. ಹಾಡು ಹಳೆಯದು, ನೆಲ ಹೊಸದು. ಹೊಂಡ ನನಗೆ ದೂರದಿಂದಲೇ ಕಾಣುತ್ತಿತ್ತು, ಬಾವಿಯಷ್ಟು ದೊಡ್ಡದು. ಅಪ್ಪ ಮಾತ್ರ ಹಳೇ ಆಟದಲ್ಲಿ ಹೊಂಡ ಇದ್ದ ಕಡೆ ಹಾರುತ್ತಿದ್ದ, ಹೊಸ ಹೊಂಡಕ್ಕೆ ನಡೆದುಕೊಂಡೇ ಹೋಗುತ್ತಿದ್ದ. ನಾನು ಹೊಟ್ಟೆ ಹಿಡಿದು ನಕ್ಕೆ. ಬೇಕೆಂದೇ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅಪ್ಪ ಗುಂಡಿಯ ಹಿಡಿಕೆಯನ್ನು ನೆಲಕ್ಕೆ ಎಸೆದ. "ಥೂ, ಇದು ಸರಿ ಇಲ್ಲ. ಹಳೇದೇ ಹಾಕು."

ಹಳೆಯದು ಹಾಕಿದೆ. ಹಿಂದಿನ ವರ್ಷದ ಹಾಗೆಯೇ ಸರಸರ ದಾಟಿಸತೊಡಗಿದ. ನನಗೆ ಕೀಟಲೆ ಮಾಡುವ ಮನಸ್ಸಾಯಿತು. ಮೆಲ್ಲಗೆ ಟಿವಿಯ ಪಕ್ಕಕ್ಕೆ ಸರಿದು ಬೆಳಕಿನ ತಿರುಗುಗುಂಡಿಯನ್ನು ಪೂರ್ತಿ ಕೆಳಗೆ ತಿರುಗಿಸಿದೆ. ಪರದೆ ಕಪ್ಪಾಯಿತು. ಹಾಡು ನಡೆದೇ ಇತ್ತು. ಈಗ ಬೈಯುತ್ತಾನೆ ಎಂದು ಬಾಯಿ ಮುಚ್ಚಿಕೊಂಡು ನಗುತ್ತ ಕಾದೆ. ಅಪ್ಪ ಬೈಯಲಿಲ್ಲ. ಅವನ ಹೆಬ್ಬೆರಳು ಗುಂಡಿ ಒತ್ತುತ್ತಲೇ ಇತ್ತು. ಕಪ್ಪು ಗಾಜಿನ ಮೇಲೆ ಬಾಗಿಲ ಬೆಳಕು ಮಾತ್ರ ಬಿದ್ದಿತ್ತು. ಮರ ದಾಟಿದ ಸದ್ದು ಬಂತು, ಎಣ್ಣೆ ಸಿಕ್ಕಿದ ಸದ್ದು ಬಂತು. ಅಪ್ಪ ಟಿವಿಯತ್ತ ಗದ್ದ ಎತ್ತಿ ನನಗೆ ಹೇಳಿದ:

"ನೋಡಿದ್ಯಾ? ಹೆಂಗೆ ದಾಟ್ತು ನೋಡಿದ್ಯಾ?"

ನಗು ತಡೆಯಲು ಮುಚ್ಚಿದ್ದ ಕೈಯನ್ನು ಬಾಯಿಯಿಂದ ತೆಗೆದೆ. "ಅಪ್ಪಾ, ಟಿವಿ ಕಪ್ಪಾಗಿದೆ" ಎಂದೆ. ಅವನ ಹೆಬ್ಬೆರಳು ನಿಂತಿತು. ಗಿಡ್ಡ ಎಲ್ಲಿಯೋ ಬಿದ್ದ ಸದ್ದು ಕೇಳಿಸಿತು.

ಹಿಡಿಕೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎಲ್ಲ ಹೇಳಿದ. ಎರಡು ಮಳೆಗಾಲದಿಂದ ಹೀಗಂತೆ. "ನಟ್ಟ ನಡೂಗೆ ಹೊಗೆ ಹಾಕ್ದಂಗೆ. ಬಗಲಿಗೆ ಸುಮಾರು ಕಾಣ್ತದೆ. ನಿನ್ನ ಜಡೆ ಕಾಣ್ತದೆ, ಮೋರೆ ಕಾಣೂದಿಲ್ಲ. ನೀರಿನ ಮೇಲೆ ಬಿಸ್ಲು ಬಿದ್ರೆ ಅದೂ ಇಲ್ಲ." ಯಾರಿಗೂ ಹೇಳದೆ ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದನಂತೆ. ನರ ಒಣಗಿದೆ, ಮಾಡುವಂಥದ್ದು ಏನೂ ಇಲ್ಲ ಎಂದರಂತೆ. "ಗಿಡ್ಡನ ದೀಪಕ್ಕಾದ್ರೆ ಎಣ್ಣೆ ಹಾಕ್ಬಹುದು. ಇದು ಹಂಗಲ್ಲ ಮಗಾ. ಆಯಿಗೆ ಹೇಳ್ಬೇಡ. ಹೇಳಿದ್ರೆ ದೋಣಿ ಹೋಯ್ತು." ಹೇಳುವುದಿಲ್ಲ ಎಂದು ಅವನ ತಲೆ ಮುಟ್ಟಿ ಆಣೆ ಮಾಡಿದೆ. ದೋಣಿ ಬಿಟ್ಟರೆ ಅಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಅಪ್ಪನಿಗೆ ದೋಣಿ ಇಲ್ಲದ್ದನ್ನು ನನಗೆ ಕಲ್ಪಿಸಿಕೊಳ್ಳಲೂ ಬರುತ್ತಿರಲಿಲ್ಲ.

ಹಿಂದಿನ ವರ್ಷ ದಿಬ್ಬ ಅಷ್ಟೇನೂ ಸರಿದಿರಲಿಲ್ಲ, ದಾರಿಯನ್ನೆಲ್ಲ ಅವನು ನೆನಪಿನಿಂದಲೇ ನಡೆಸಿದ್ದ, ತೆರೆ ಮುರಿಯುವ ಸದ್ದಿನ ಮೇಲೆ. ಈ ಮಳೆಗಾಲದಲ್ಲಿ ದಿಬ್ಬ ಪೂರ್ತಿ ಜಾಗ ಬದಲಿಸಿತು. ನೂಲಹುಣ್ಣಿಮೆ ಕಳೆದು ದೋಣಿಯವರು ಗೂಟ ಹುಗಿದಾಗ ಅಪ್ಪ ಗಳ ಹಿಡಿಯಲಿಲ್ಲ, ಕುತ್ತಿಗೆವರೆಗಿನ ನೀರಿನಲ್ಲಿ ನಿಂತು ಗೂಟಕ್ಕೆ ಪೆಟ್ಟು ಹಾಕುವ ಕೆಲಸ ತೆಗೆದುಕೊಂಡ. ಗೂಟದ ದಾರಿ ಮಧ್ಯದಲ್ಲಿ ಎರಡು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಹೊರಳುತ್ತಿತ್ತು. ಹಾಡು ಹಳೆಯದು, ನೆಲ ಹೊಸದು. ಮನೆಗೆ ಬಂದು ನನ್ನನ್ನು ಹಿತ್ತಿಲಿಗೆ ಕರೆದ.

"ನಾಳೆಯಿಂದ ದೋಣಿಗೆ ಬಾ. ಮುಂದೆ ಕೂತ್ಕ. ಎಡಕ್ಕೆ ಬಲಕ್ಕೆ ಅಂತ ಬಾಯಲ್ಲಿ ಹೇಳಿದ್ರೆ ಜನಕ್ಕೆ ಗೊತ್ತಾಗ್ತದೆ. ಹಾಡು."

"ಎಂತಾ ಹಾಡೂದು?"

"ಗಿಡ್ಡಂದೇ. ನೆಟ್ಟಗೆ ಹೋಗೂಕೆ ನಡಿಗೆದು. ಬಲಕ್ಕೆ ಗುಹೆದು. ಎಡಕ್ಕೆ ರೆಕ್ಕೆದು. ನಿಲ್ಸೂಕೆ ಬಾಯ್ಮುಚ್ಚು."

ಹೀಗೆ ಶುರುವಾಯಿತು. ಶಾಲೆಗೆ ಮುಂಚೆ ಒಂದು ಹೋಗಿಬರುವುದು, ಶಾಲೆ ಬಿಟ್ಟ ಮೇಲೆ ಒಂದು. ನಡುಹಗಲಿಗೆ ಬಿಸಿಲಿನಲ್ಲಿ ತಲೆನೋವು ಬರುತ್ತದೆ ಎಂದು ಹೇಳಿ ಅಪ್ಪ ಬೇರೆ ದೋಣಿಯವನಿಗೆ ಬಿಟ್ಟುಕೊಟ್ಟ. ಮುಂದಿನ ತುದಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಬಟ್ಟೆ ಚೂರುಗಳನ್ನು ಹುಡುಕುತ್ತ, ಮೂಗಿನಿಂದ ಬಾಯಿಂದ ಟುಡುಕು ಟುಡುಕು ಹಾಡುತ್ತಿದ್ದೆ. ಅಪ್ಪನ ಹುಟ್ಟು ನನ್ನ ಗಂಟಲನ್ನು ಹಿಡಿದುಕೊಂಡೇ ತಿರುಗುತ್ತಿತ್ತು. ಗುಹೆಯ ರಾಗ ಎತ್ತಿದ ಕ್ಷಣಕ್ಕೆ ದೋಣಿ ಬಲಕ್ಕೆ ಬಾಗುತ್ತಿತ್ತು. ಮೊದಲ ವಾರ ಅದು ಮಜವೇ. ಇಂಥ ದೊಡ್ಡ ದೋಣಿ, ಇಷ್ಟು ಜನ, ನನ್ನ ಒಂದು ಉಸಿರಿಗೆ!

ಮೀನು ಮಾರುವ ಹೆಂಗಸೊಬ್ಬಳು ದೇವಬಾಗದಿಂದ ದಿನಾ ಬರುತ್ತಿದ್ದಳು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಬುಟ್ಟಿ. "ಅರೇ ಹುಡ್ಗಿ, ದಿನಾ ಒಂದೇ ಹಾಡು! ಬೇರೆ ಬರೂದಿಲ್ಲೆ ನಿಂಗೆ?" ಎಂದು ಕಾಡುತ್ತಿದ್ದಳು. ನಾನು ತಿರುಗಿಯೂ ನೋಡುತ್ತಿರಲಿಲ್ಲ. ತಿರುಗಿದರೆ ಗೂಟ ತಪ್ಪುತ್ತದೆ. "ಅಬ್ಬಾ, ಸೊಕ್ಕು ನೋಡು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಎರಡನೇ ವಾರಕ್ಕೆ ಮಜ ಇಳಿಯಿತು. ಬಸುರಿಯೊಬ್ಬಳು ತವರಿಗೆ ಹೋಗಲು ಹತ್ತಿದಳು. ಒಬ್ಬ ಮುದುಕ ಎರಡೂ ಕೈಯಲ್ಲಿ ಮೊಮ್ಮಗುವನ್ನು ಹಿಡಿದು ಹತ್ತಿದ, ಹಿಡಿದುಕೊಳ್ಳಲು ಅವನಿಗೆ ಮೂರನೇ ಕೈ ಇರಲಿಲ್ಲ. ಆಟದಲ್ಲಿ ಗಿಡ್ಡ ಸತ್ತರೆ ಇನ್ನೊಬ್ಬ ಗಿಡ್ಡ ಬರುತ್ತಾನೆ. ತರಗತಿಯಲ್ಲಿ ಮಾಸ್ತರರು ಗಣಿತ ಹೇಳುತ್ತಿದ್ದರೆ ನಾನು ಡೆಸ್ಕಿನ ಮೇಲೆ ಬೆರಳಿನಿಂದ ಗೂಟ ಎಣಿಸುತ್ತಿದ್ದೆ. ಜ್ವರ ಬಂದ ದಿನವೂ ಹೋದೆ. ಗಂಟಲು ಕಟ್ಟಿದ ದಿನ ಶಿಳ್ಳೆ ಹಾಕಿದೆ. ಒಂದು ದಿನ ಅಪ್ಪನಿಗೆ ಹೇಳಿಯೂ ಬಿಟ್ಟೆ: "ನಂಗೆ ಹೆದ್ರಿಕೆ ಆಗ್ತದೆ. ಸಾಕು, ಹೇಳಿಬಿಡ್ವಾ."

"ಬೇಸಿಗೆ ಕಳೀಲಿ" ಎಂದ. "ಒಂದು ಬೇಸಿಗೆ." ಅವನ ದನಿ ಬೇಡುವ ಹಾಗಿದ್ದದ್ದು ಕೇಳಿ ನನಗೆ ನಾಚಿಕೆಯಾಯಿತು. ಅಪ್ಪ ಯಾರ ಹತ್ತಿರವೂ ಬೇಡಿದವನಲ್ಲ. ಮತ್ತೆ ಆ ಮಾತು ಎತ್ತಲಿಲ್ಲ.

ನಾವಿಬ್ಬರೂ ಲೆಕ್ಕಕ್ಕೆ ಹಿಡಿಯದ ಸಂಗತಿ ಒಂದಿತ್ತು. ದಿನಾ ಕೇಳಿದ ಹಾಡು ಯಾರ ಬಾಯಿಗಾದರೂ ಹತ್ತುತ್ತದೆ. ದೀಪಾವಳಿಗೆ ಇನ್ನೇನು ವಾರವಿತ್ತು. ಶಾಲೆ ಬಿಟ್ಟು ದೇವಬಾಗದ ಮಕ್ಕಳು ನಾಲ್ಕೈದು ಜನ ದೋಣಿ ಹತ್ತಿದರು. ನನ್ನ ತರಗತಿಯ ಹುಡುಗಿಯೊಬ್ಬಳು ಐದು ವರ್ಷದ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮೀನಿನ ಹೆಂಗಸು ಖಾಲಿ ಬುಟ್ಟಿ ಹಿಡಿದು ಕೂತಿದ್ದಳು. ಇಳಿತದ ನೀರು ಸಮುದ್ರದ ಕಡೆ ಎಳೆಯುತ್ತಿತ್ತು, ಎಡಗಡೆ ದಿಬ್ಬದ ಮೇಲೆ ತೆರೆ ಬಿಳಿಯಾಗಿ ಮುರಿಯುತ್ತಿತ್ತು. ನಾನು ನಡಿಗೆಯ ರಾಗ ಹಾಡುತ್ತಿದ್ದೆ. ಮುಂದೆ ಬಲಕ್ಕೆ ಹೊರಳುವ ಗೂಟ ಬರಬೇಕಿತ್ತು.

ಆಗ ಹಿಂದಿನಿಂದ ಆ ಹುಡುಗಿ ನನ್ನನ್ನು ಅಣಕಿಸಲು ರೆಕ್ಕೆಯ ರಾಗ ಎತ್ತಿದಳು. ಉಳಿದ ಮಕ್ಕಳೂ ಚಪ್ಪಾಳೆ ಹಾಕುತ್ತ ಸೇರಿಕೊಂಡರು. ನನಗಿಂತ ಚೆನ್ನಾಗಿಯೇ ಹಾಡಿದರು. ಗಕ್ಕನೆ ದೋಣಿ ಎಡಕ್ಕೆ ತಿರುಗಿತು.

ನಾನು ಗುಹೆಯ ರಾಗವನ್ನು ಕಿರುಚಿದೆ, ಅದು ಹಾಡಿನ ಹಾಗಿರಲಿಲ್ಲ. ಅಪ್ಪನಿಗೆ ಎರಡೂ ಕೇಳಿಸಿತು, ಯಾವುದು ನನ್ನದೆಂದು ತಿಳಿಯುವುದರೊಳಗೆ ಇಳಿತದ ನೀರು ದೋಣಿಯನ್ನು ದಿಬ್ಬದ ಮೇಲೆ ಎಳೆದು ಹಾಕಿತ್ತು. ಮಗ್ಗುಲಿಗೆ ಒಂದು ತೆರೆ ಹೊಡೆಯಿತು. ದೋಣಿ ಮಗುಚಿತು. ನೀರು ಸೊಂಟದವರೆಗೆ ಅಷ್ಟೆ, ಆದರೆ ಐದು ವರ್ಷದ ಮಗುವಿಗೆ ಸೊಂಟ ಎಂದರೆ ತಲೆಯ ಮೇಲೆ. ಮೀನಿನ ಹೆಂಗಸು ನೀರಿನೊಳಗೆ ಕೈಹಾಕಿ ತಡಕಿ ಅದರ ಕಾಲು ಹಿಡಿದು ಮೇಲೆತ್ತಿದಳು. ಮಗು ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ತಲೆಕೆಳಗು ಮಾಡಿ ಬೆನ್ನಿಗೆ ಹೊಡೆದಳು, ಹೊಡೆದಳು, ಇನ್ನೂ ಹೊಡೆದಳು. ಆಮೇಲೆ ಮಗು ನೀರು ಕಾರಿ ಅತ್ತಿತು. ಇವತ್ತಿಗೂ ಮಕ್ಕಳು ಅಳುವುದು ನನಗೆ ಕಿರಿಕಿರಿಯೆನಿಸುವುದಿಲ್ಲ.

ಬೇರೆ ದೋಣಿಗಳು ಬಂದು ಎಲ್ಲರನ್ನೂ ಕೋಡಿಬಾಗದ ದಡಕ್ಕೆ ತಂದವು. ದಡದಲ್ಲಿ ಜನ ಸೇರಿದ್ದರು. ಹಳೇ ದೋಣಿಯವನೊಬ್ಬ ಅಪ್ಪನನ್ನು ಕೇಳಿದ: "ಎಂತಾ ಆಯ್ತು ಮಾರಾಯಾ? ನಿನ್ನಂಥವ ತೆರೆ ಕಡೆ ತಿರ್ಗ್ಸೂದಂದ್ರೆ?"

ಅಪ್ಪ ತಲೆಯ ನೀರು ಒರೆಸಿಕೊಳ್ಳುತ್ತ ಹೇ‍ಳಿದ: "ಹುಡ್ಗಿ ಹಾಡ್ತಿತ್ತು. ಲಕ್ಷ್ಯ ತಪ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಒಂದು ಮಾತಿಗೆ ಅಪ್ಪನನ್ನು ನಾನು ಪೂರ್ತಿ ಕ್ಷಮಿಸಿದ್ದೇನೆಂದು ಹೇಳಿದರೆ ಸುಳ್ಳಾದೀತು. "ದಿನಾ ಅದೇ ಟುಂಯ್ ಟುಂಯ್, ದರಿದ್ರದ್ದು" ಎಂದರು. "ಟಿವಿ ನೋಡಿ ನೋಡಿ ತಲೆ ಕೆಟ್ಟದೆ ಅದಕ್ಕೆ" ಎಂದರು. ಮಗುವಿನ ತಾಯಿ ಆಚೆ ದಡದಿಂದ ಬಂದವಳೇ ನನ್ನ ಕೆನ್ನೆಗೆ ಒಂದು ಬಿಟ್ಟಳು. ನಾನು ಕೆನ್ನೆ ಹಿಡಿದುಕೊಂಡು ಅಪ್ಪನ ಕಡೆ ನೋಡಿದೆ. ಕೊನೆಗೆ ಹಿರಿಯರು ಸೇರಿ ಹೇಳಿದರು: ನಾಳೆಯಿಂದ ಈ ಹುಡುಗಿ ದೋಣಿ ಹತ್ತಕೂಡದು. ಅಪ್ಪ ಆಗಲಿ ಎಂದ. ಅವರು ಏನು ಮಾಡುತ್ತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಪ್ಪನ ಹಾಸಿಗೆ ಖಾಲಿಯಾಗಿತ್ತು. ಹೋಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಹೋಗಿದ್ದ. ಅಡುಗೆಮನೆಗೆ ಓಡಿದೆ. "ಆಯಿ, ಅಪ್ಪಂಗೆ..." ಎಂದೆ, ಮುಂದೆ ಆಣೆ ಅಡ್ಡ ಬಂತು.

ಆಯಿ ಒಲೆಯಿಂದ ಮುಖ ತಿರುಗಿಸಲಿಲ್ಲ. "ಎರಡು ವರ್ಷದಿಂದ ಅವನ ತಾಟಿನ ಮೀನಿನ ಮುಳ್ಳು ತೆಗ್ದು ಇಡ್ತೆ. ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ?"

ಹೌದಲ್ಲ, ಅಪ್ಪನ ತಾಟಿನಲ್ಲಿ ಮುಳ್ಳೇ ಇರುತ್ತಿರಲಿಲ್ಲ! ದಿನಾ ಪಕ್ಕದಲ್ಲಿ ಕೂತು ಉಂಡವಳು ನಾನು. ಸಿಟ್ಟು ಬಂತು. "ಗೊತ್ತಿದ್ರೆ ಯಾಕೆ ಸುಮ್ನಿದ್ದೆ? ಮತ್ತೆ ನಾನು ದಿನಾ ಸಾಯ್ತಿದ್ನಲ್ಲೇ!"

"ಅವನಾಗೇ ಹೇಳ್ತಾ ಅಂತ ಕಾದೆ" ಎಂದಳು. ಆಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡು, "ಇಲ್ಲಿ ನಿಂತು ನನ್ನ ಮೋರೆ ಏನ್ ನೋಡ್ತೆ? ಓಡು" ಎಂದಳು.

ಓಡಿದೆ. ದೋಣಿಕಟ್ಟೆಗೆ ಬರುವ ಹೊತ್ತಿಗೆ ದೋಣಿ ದಡ ಬಿಟ್ಟು ಹತ್ತು ಮಾರು ಹೋಗಿತ್ತು. ಎಂಟು ಜನ ಕೂತಿದ್ದರು, ಮೀನಿನ ಹೆಂಗಸೂ ಇದ್ದಳು. ರಾತ್ರಿ ಈ ದಡದಲ್ಲೇ ನೆಂಟರ ಮನೆಯಲ್ಲಿ ಉಳಿದು ಊರಿಗೆ ಹೊರಟಿದ್ದಳು. ಮುಂಜಾನೆಯ ಬಿಸಿಲು ನೀರಿನ ಮೇಲೆ ಆಗಷ್ಟೇ ಬಿದ್ದು ಕಣ್ಣು ಕುಕ್ಕುತ್ತಿತ್ತು. "ನಿಲ್ಸಿ! ಅಪ್ಪಂಗೆ ಕಣ್ಣು ಕಾಣೂದಿಲ್ಲ!" ಎಂದು ಕೂಗಿದೆ.

ಕಟ್ಟೆಯ ಮೇಲಿದ್ದವರು ನಕ್ಕರು. ಹಳೇ ದೋಣಿಯವನು, "ಹದ್ದಿನ ಕಣ್ಣು ಅಂತ ನೀನೇ ಸಾರ್ಕಂಡು ಬಂದದ್ದಲ್ವೆ? ನಾವೇ ನೋಡಿದ್ವಲ್ಲ, ಒಂದು ಸಲ ತಪ್ಪದೇ ವಿಡಿಯೋ ಆಡ್ತಾ ನಿಮ್ಮಪ್ಪ" ಎಂದ. "ದೋಣಿ ಹತ್ತೂಕೆ ಬಿಡ್ಲಿಲ್ಲ ಅಂತ ಸಿಟ್ಟು ಇದಕ್ಕೆ" ಎಂದ ಇನ್ನೊಬ್ಬ. ದೋಣಿಯಲ್ಲಿ ಅಪ್ಪ ಬೆನ್ನು ಹಾಕಿ ನಿಂತಿದ್ದ. ನನ್ನ ಮಾತು ಕೇಳಿಸಿತ್ತು ಅವನಿಗೆ. ಹುಟ್ಟು ಇನ್ನೂ ಜೋರಾಗಿ ಹಾಕಿದ.

ನನಗೆ ಬೇರೆ ದಾರಿ ತೋಚಲಿಲ್ಲ. ಕೈಯನ್ನು ಬಾಯಿಯ ಸುತ್ತ ಹಿಡಿದು, ಗಂಟಲು ಹರಿಯುವ ಹಾಗೆ ರೆಕ್ಕೆಯ ರಾಗ ಹಾಡಿದೆ. ದೋಣಿ ಎಡಕ್ಕೆ ತಿರುಗಿತು. ಅಲ್ಲಿ ಏನೂ ಇರಲಿಲ್ಲ, ತಿರುಗಲು ಕಾರಣವೇ ಇರಲಿಲ್ಲ. ಜನ "ಎಲ್ಲಿ ಹೋಗ್ತೆ ಮಾರಾಯಾ" ಎಂದರು. ಗುಹೆಯ ರಾಗ ಎತ್ತಿದೆ. ದೋಣಿ ಬಲಕ್ಕೆ ಹೊರಳಿತು. ಅಪ್ಪ ಬೇಕೆಂದು ಮಾಡಿದ್ದಲ್ಲ. ಎರಡು ತಿಂಗಳಲ್ಲಿ ಅವನ ಕೈ ನನ್ನ ದನಿಗೆ ಹಾಗೆ ಪಳಗಿಹೋಗಿತ್ತು, ಕೈ ಮೊದಲು ಕೇಳಿತು, ತಲೆಗೆ ಆಮೇಲೆ ಗೊತ್ತಾಯಿತು. ನಾನು ಬಾಯಿ ಮುಚ್ಚಿದೆ. ಹುಟ್ಟು ನಿಂತಿತು.

ಕಟ್ಟೆಯ ಮೇಲೆ ನಗು ಅಡಗಿತು. ದೋಣಿಯಲ್ಲಿ ಮೀನಿನ ಹೆಂಗಸು ಎದ್ದು ನಿಂತಳು. ಅಪ್ಪನ ಮುಖದ ನೇರಕ್ಕೆ ತನ್ನ ಕೈಯೆತ್ತಿ, ಐದೂ ಬೆರಳು ಆಡಿಸಿದಳು. ಅಪ್ಪ ರೆಪ್ಪೆ ಬಡಿಯಲಿಲ್ಲ. "ದೇವಾ" ಎಂದು ಕೈ ಇಳಿಸಿದಳು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೀರು ಅಲ್ಲಿ ತೊಡೆಯವರೆಗೆ ಮಾತ್ರ. ಒಬ್ಬೊಬ್ಬರೇ ಸೀರೆ, ಪಂಚೆ ಎತ್ತಿಕೊಂಡು ಇಳಿದು, ಬುಟ್ಟಿ ತಲೆಯ ಮೇಲಿಟ್ಟು ದಡಕ್ಕೆ ಬಂದರು. ನಿನ್ನೆ ನನ್ನನ್ನು ಬೈದವರು ಇವತ್ತು ನನ್ನ ಮುಖ ನೋಡದೆ ಪಕ್ಕದಿಂದ ಹೋದರು. ಎಂಟು ಜನರ ಭಾರ ಇಳಿದ ದೋಣಿ ಹಗುರಾಗಿ ಮೇಲೆದ್ದು, ಇಳಿತಕ್ಕೆ ಸಿಕ್ಕಿ ಮೆಲ್ಲಗೆ ಹಿಂದುಮುಂದಾಗಿ ತಿರುಗಿತು. ಅಪ್ಪ ಒಬ್ಬನೇ ನಿಂತಿದ್ದ. ಬಿಸಿಲಿಗೆ ಮುಖವನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದ. ದೋಣಿ ತಿರುಗಿದ್ದರಿಂದ ದಡ ಯಾವ ಕಡೆಯಿದೆಯೆಂದು ಅವನಿಗೆ ತಿಳಿಯುತ್ತಿಲ್ಲ ಎಂದು ನನಗೆ ಗೊತ್ತಾಯಿತು.

"ಎಲ್ಲಾರೂ ಇಳಿದ್ರೆ?" ಎಂದು ಕೂಗಿದ, ನನಗಿಂತ ಎಷ್ಟೋ ಬಲಕ್ಕೆ ಮುಖ ಮಾಡಿ.

"ಇಳಿದ್ರು ಅಪ್ಪಾ."

ನನ್ನ ದನಿ ಬಂದ ಕಡೆಗೆ ಮುಖ ಹೊರಳಿಸಿದ. ಆಮೇಲೆ, ಅಷ್ಟೂ ಜನರ ಎದುರಿಗೆ, ಗುಟ್ಟಿನ ದನಿಯಲ್ಲಿ ಅಲ್ಲ, ಗಟ್ಟಿಯಾಗಿಯೇ ಹೇಳಿದ: "ಹಂಗಾದ್ರೆ ಹಾಡು. ದಡಕ್ಕೆ ಬತ್ತೆ."

ಗುಹೆಯ ರಾಗ ಹಾಡಿದೆ, ಒಡೆದ ದನಿಯಲ್ಲಿ. ದೋಣಿ ಬಲಕ್ಕೆ ತಿರುಗಿತು. ನಡಿಗೆಯ ರಾಗ ಎತ್ತಿದೆ, ನೆಟ್ಟಗೆ ಬಂತು. ಕಟ್ಟೆಯ ಮೇಲೆ ಅಷ್ಟು ಜನರಿದ್ದರೂ ನನ್ನ ಟುಡುಕು ಟುಡುಕು, ನೀರಿನಲ್ಲಿ ಹುಟ್ಟಿನ ಸದ್ದು, ಎರಡೇ ಕೇಳುತ್ತಿದ್ದದ್ದು. ಮೂಗು ಮರಳಿಗೆ ತಾಗುವ ಮೊದಲು ಬಾಯಿ ಮುಚ್ಚಿದೆ. ದೋಣಿ ಮೆತ್ತಗೆ ನಿಂತಿತು, ಅವನು ಯಾವಾಗಲೂ ನಿಲ್ಲಿಸುವ ಹಾಗೆ.

ಅಪ್ಪ ಹುಟ್ಟನ್ನು ಒಳಗೆ ಉದ್ದಕ್ಕೆ ಮಲಗಿಸಿದ. ಮುಂದಿನ ತುದಿಗೆ ಬಂದು ನಿಂತ. ಹಾರಿ ಇಳಿಯಲಿಲ್ಲ. ಗಾಳಿಯಲ್ಲಿ ಕೈ ಚಾಚಿ ಕಾದ.

ನಾನು ನೀರಿಗಿಳಿದು ಅವನ ಕೈ ಹಿಡಿದುಕೊಂಡೆ.